ತೊಳೆಯದ ಇದ್ದಿಲು

ಮಾನ್ಯ ಪ್ರೊಫೆಸರರಿಗೆ,

ಮೂರು ವರ್ಷ ಕಡಲೆಕಾಯಿ ಸಿಪ್ಪೆ ಸುಟ್ಟು, ಅದರ ಬೂದಿಯನ್ನು ಆಮ್ಲದಲ್ಲಿ ತೊಳೆದು ತೆಗೆದು, ಪ್ಲಾಟಿನಂ ಕಣಗಳು ಕೂರುವಂಥ ರಂಧ್ರಗಳಿರುವ ಇಂಗಾಲ ಮಾಡಿದೆ. ತಾವು ಬಾಗಿಲಲ್ಲೇ ನಿಂತು, "ಏನಮ್ಮಾ, ಇನ್ನೂ ಒಲೆ ಊದ್ತಾ ಇದೀಯಾ?" ಎಂದು ನಗುತ್ತಿದ್ದಿರಿ.

ನಿನ್ನೆ, ಜಲಜನಕದಿಂದ ವಿದ್ಯುತ್ ತೆಗೆಯುವ ಫ್ಯೂಯೆಲ್ ಸೆಲ್ ಕಂಪನಿಯವರಿಗೆ ಅದನ್ನೇ "ನನ್ನ ಸಂಶೋಧನೆ" ಎಂದು ಕೊಟ್ಟಿರಂತೆ. ನನ್ನ ಮೇಜಿನಿಂದ ತಾವು ಎತ್ತಿಕೊಂಡ ಸೀಸೆಯಲ್ಲಿದ್ದದ್ದು, ಹೋಲಿಕೆಗೆಂದು ಇಟ್ಟ ತೊಳೆಯದ ಇದ್ದಿಲು. ಚೀಟಿಯಲ್ಲಿ ಹಾಗೆಂದೇ ಬರೆದಿದ್ದೆ. ಓದುವ ಕಷ್ಟ ತಮಗೇಕೆ? ಅದರ ಬೂದಿಗೆ ಸೆಲ್ ಒಂದು ಗಂಟೆಯೂ ಬಾಳದು.

ಸೋಮವಾರ ಅವರ ಪರೀಕ್ಷೆ. ಸರಿಯಾದ ಸೀಸೆ ನನ್ನ ಬಳಿಯಿದೆ. ಅದು ಯಾರ ಕೆಲಸವೆಂದು ತಾವು ಅವರಿಗೆ ಬರೆದು ತಿಳಿಸಿದರೆ, ಅಂದೇ ತಂದುಕೊಡುತ್ತೇನೆ. ಮನಸ್ಸಿಲ್ಲದಿದ್ದರೆ ಸಿಪ್ಪೆಯ ಚೀಲ ಮೂಲೆಯಲ್ಲಿದೆ. ಒಲೆ ಊದುವುದು ಮೂರೇ ವರ್ಷದ ಕೆಲಸ.

ಇತಿ,
ತಮ್ಮ ಶಿಷ್ಯೆ