ಕೆರೆಗೆ ಬಿಟ್ಟ ಮದುಮಕ್ಕಳು

ಹೊಂಡದ ಓಣಿ, ಧಾರವಾಡ
ಉರಿಮಾಸ, ೨೧೯೧

ನೀಲಾಂಬಿಕಾ ಅಜ್ಜಿಯವರಿಗೆ,

ಉರಿಮಾಸವೆಂದರೆ ಬೇಸಿಗೆ ಮುಗಿಯದೇ ಹೋದಾಗ ನಾವು ಪಂಚಾಂಗಕ್ಕೆ ಸೇರಿಸಿಕೊಂಡ ಹದಿಮೂರನೆಯ ತಿಂಗಳು. ನೀವಿನ್ನೂ ಮೂವತ್ತು ದಾಟಿಲ್ಲ, ಆದರೆ ನನಗೆ ಅಜ್ಜಿಯ ಅಜ್ಜಿಯ ಅಜ್ಜಿ. ಹಾಗೆ ಕರೆದದ್ದಕ್ಕೂ, ನಿಮಗೆ ತಿಳಿಯದ ಮಾತು ನಡುವೆ ಬಂದರೆ ಅದಕ್ಕೂ ಬೇಸರಿಸಬೇಡಿ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎದ್ದು ಓಡಾಡಿ, ಮತ್ತೆ ಕೂತು ಬರೆಯುತ್ತಿದ್ದೇನೆ.

ನಮ್ಮಲ್ಲಿ ಕೇಳುಪಾಳಿ ಎಂಬುದಿದೆ. ಸಂಜೆ ಸರದಿಯ ಮೇಲೆ ಎರಡು ಮನೆಯವರು ಹೊಂಡದ ಮೆಟ್ಟಿಲ ಮೇಲೆ ಕೂತು ಕಪ್ಪೆಗಳ ದನಿ ಕೇಳಬೇಕು. ನಮ್ಮ ನಾಡಗಪ್ಪೆ ಕೂಗಿದರೆ ನೀರು ಚೆನ್ನಾಗಿದೆಯೆಂದು ಬೆಳಿಗ್ಗೆ ತೂಬು ತೆಗೆಯುತ್ತಾರೆ. ಊರಿನ ಬೇರೆಲ್ಲ ಹೊಂಡಗಳೂ ಈಗ ಮೂಕ. ಅಲ್ಲಿ ಅಂಟುಬೆರಳ ಸೇರಿಕೊಂಡಿತು. ಅಂಟುಬೆರಳವೆಂದರೆ ಪರದೇಶದ ಮರಗಪ್ಪೆ. ಗೋಡೆ ಹತ್ತುತ್ತದೆ, ನಲ್ಲಿಯ ಕೊಳವೆಯಲ್ಲಿ ಕೂರುತ್ತದೆ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಇಣುಕುತ್ತದೆ, ನಮ್ಮ ಸಣ್ಣ ಕಪ್ಪೆಗಳನ್ನು ನುಂಗುತ್ತದೆ. ಅದು ಕಂಡ ಹೊಂಡಕ್ಕೆ ಸುಣ್ಣ ಸುರಿಯುವುದು ಇಲ್ಲಿಯ ಕಾನೂನು. ಸುಣ್ಣಕ್ಕೆ ನಮ್ಮದು, ಪರದೇಶದ್ದು ಎಂಬ ಭೇದವಿಲ್ಲ. ಕುಡಿಯುವ ನೀರೂ ಹೋಗುತ್ತದೆ, ಓಣಿಯವರು ಮನೆ ಬಿಟ್ಟು ಹೋಗಬೇಕಾಗುತ್ತದೆ.

ಈ ಸಂಜೆ ನನ್ನ ಪಾಳಿ. ಕಣಗಿಲೆಯ ಟೊಂಗೆಯ ಮೇಲೆ ಅಂಟುಬೆರಳ ಕಂಡಿತು. ಒಂದಲ್ಲ, ಜೋಡಿ. ಕೆಳಗೆ ನೀರಿನ ಮೇಲೆ ಮೊಟ್ಟೆಗಳು. ಜೊತೆಗಿದ್ದ ಪಕ್ಕದ ಮನೆಯ ಮಹಾನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ವೈನೀ, ನಾವ್ ಏನೂ ನೋಡಿಲ್ಲ ಅಂದ್ಬಿಡೋಣು. ಈ ವಯಸ್ಸಿನ್ಯಾಗ ಮನಿ ಬಿಟ್ಟು ಎಲ್ಲಿಗೆ ಹೋಗೂದು?” ಎಂದಳು. ಮುಚ್ಚಿಟ್ಟರೆ ಮಳೆಗಾಲದಲ್ಲಿ ಅವು ಕಾಲುವೆ ಹಿಡಿದು ಹಳ್ಳಿಗಳ ಹೊಂಡ ಸೇರುತ್ತವೆ.

ನಮ್ಮ ಮನೆಯಲ್ಲಿ ಯಾವ ಮದುವೆಯಾದರೂ ನಿಮ್ಮ ಕಥೆ ಹೇಳುತ್ತಾರೆ. ನಿಮಗದು ಇನ್ನೂ ನಾಳೆಯ ಮಾತು. ಮಳೆ ಬಾರದ ವರ್ಷ ಓಣಿಯವರು ಕಪ್ಪೆಗಳ ಮದುವೆ ಮಾಡಬೇಕೆಂದರು. ನಮ್ಮ ಕಪ್ಪೆಗಳು ಮಣ್ಣೊಳಗೆ ಅಡಗಿದ್ದವು, ಎಷ್ಟು ಹುಡುಕಿದರೂ ಸಿಗಲಿಲ್ಲ. ನೀವು ಸಾಕುಪ್ರಾಣಿಗಳ ಅಂಗಡಿಗೆ ಹೋಗಿ ಗಾಜಿನ ಪೆಟ್ಟಿಗೆಯಲ್ಲಿದ್ದ ಹಸಿರು ಅಂಟುಬೆರಳದ ಜೋಡಿಯನ್ನು ತಂದಿರಿ. ಅರಿಸಿನ ಹಚ್ಚಿ, ಅಕ್ಕಿಕಾಳು ಹಾಕಿ, ಪದ್ಧತಿಯಂತೆ ಊರಾಚೆಯ ಕೆರೆಗೆ ಬಿಟ್ಟಿರಿ. ಆ ವಾರವೇ ಮಳೆ ಬಂತು. ಅದಕ್ಕೇ ಯಾರೂ ತಪ್ಪೆನ್ನಲಿಲ್ಲ. ಸುತ್ತಲಿನ ಊರುಗಳೂ ಅಂಗಡಿಗಳಿಂದ ಅಂಥದೇ ಜೋಡಿ ತಂದು ಮದುವೆ ಮಾಡಿ ಬಿಟ್ಟವು. ನಿಮ್ಮ ಮೇಲೆ ನನಗೆ ಸಿಟ್ಟಿದೆ ಅಜ್ಜಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಅದೂ ಗೊತ್ತಿದೆ.

ಬೆಳಿಗ್ಗೆ ತೂಬಿನವರಿಗೆ ಕಂಡದ್ದನ್ನು ಹೇಳಿಬಿಡುತ್ತೇನೆ. ಮಹಾನಂದಾ ನನ್ನೊಡನೆ ಮಾತು ಬಿಡುತ್ತಾಳೆ. ಈಗ ನಮ್ಮ ಕಪ್ಪೆಗಳು ಏನೂ ತಿಳಿಯದೆ ಕೂಗುತ್ತಿವೆ, ನನಗೆ ಕೇಳಲಾಗುತ್ತಿಲ್ಲ, ಕಿಟಕಿ ಮುಚ್ಚಲೂ ಆಗುತ್ತಿಲ್ಲ.

ಮದುವೆ ಬೇಡವೆನ್ನುವುದಿಲ್ಲ. ಓಲಗ ಊದಿಸಿ, ಊಟ ಹಾಕಿಸಿ. ಆದರೆ ಮದುಮಕ್ಕಳನ್ನು ಕೆರೆಗೆ ಬಿಡಬೇಡಿ. ಮನೆ ತುಂಬಿಸಿಕೊಂಡು ಆ ಗಾಜಿನ ಪೆಟ್ಟಿಗೆಯಲ್ಲೇ ಸಾಕಿ. ಶಾಸ್ತ್ರ ಕೆಟ್ಟಿತು, ಇನ್ನು ಮಳೆ ಬಾರದು ಎಂದು ಓಣಿಯವರು ಬೈಯುತ್ತಾರೆ. ಬೈಸಿಕೊಳ್ಳಿ. ಆ ವಾರ ಮಳೆ ಹೇಗೂ ಬರುತ್ತದೆ.

ನಿಮ್ಮ ಕುಡಿ,
ಶಾಂಭವಿ