ಗುಂಡಿ ಹೊಲಿಯಲು ಒಂದು ಲೈಸೆನ್ಸ್

ಮಾರ್ಚ್ 3, ಸೋಮವಾರ

ಇವತ್ತು ಮೂವತ್ತೊಂದು ಅರ್ಜಿ. ಮನೆಮನೆಗೆ ಹೋಗಿ ಮಾರುವವರೆಲ್ಲ ನಗರಸಭೆಯ ಲೈಸೆನ್ಸ್ ಪಡೆಯಬೇಕು ಎಂಬ ಹೊಸ ನಿಯಮ ಬಂದು ಮೂರೇ ದಿನ. ಕೌಂಟರಿನಲ್ಲಿ ನಾನೊಬ್ಬಳೇ. ಪೊರಕೆಯವನು ಪೊರಕೆ ಹೊತ್ತುಕೊಂಡೇ ಕ್ಯೂನಲ್ಲಿ ನಿಂತಿದ್ದ. ಕನ್ನಡಿ ಮಾರುವವನ ಹಿಂದೆ ನಿಂತವರೆಲ್ಲ ತಲೆ ಬಾಚಿಕೊಂಡರು.

ಮನೆಗೆ ಬಂದರೆ ಅತ್ತೆ ಎಂದಿನಂತೆ ಕಿಟಕಿ ಪಕ್ಕ. ಮಾತಿಲ್ಲ, ಕತೆಯಿಲ್ಲ. ಎರಡು ವರ್ಷದ ಹಿಂದೆ ಮಾವ ಹೋದ ಮೇಲೆ ಟೈಲರ್ ಅಂಗಡಿ ಮುಚ್ಚಿ ನಮ್ಮ ಜೊತೆ ಬಂದವರು. ಅಂದಿನಿಂದ ಹೀಗೇ. ದಿನಾ ಹತ್ತಕ್ಕೆ ಲೈಬ್ರರಿಗೆ ಹೋಗುತ್ತೇನೆ ಎನ್ನುತ್ತಾರೆ. "ಏನು ಓದಿದ್ರಿ ಅತ್ತೆ?" ಎಂದು ಕೇಳಿದರೆ, "ಹೀಗೇ, ಏನೋ..."

ಮಾರ್ಚ್ 5, ಬುಧವಾರ

ಮೊದಲ ದೂರು ಬಂತು. ಕೊಟ್ಟವರು ರೆಡಿಮೇಡ್ ಬಟ್ಟೆ ಅಂಗಡಿಯವರು. ಲೈಸೆನ್ಸ್ ಇಲ್ಲದ ಮುದುಕಿಯೊಬ್ಬಳು ಮನೆಮನೆ ತಿರುಗಿ ವ್ಯಾಪಾರ ಮಾಡುತ್ತಿದ್ದಾಳಂತೆ. ಗುರುತು: ಹಸಿರು ಕೊಡೆ, ಬಿಸ್ಕತ್ತಿನ ಟಿನ್ನು. ನಮ್ಮ ವಿಭಾಗದ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ನೀವೇ ಹೋಗಿ ನೋಡ್ಕೊಂಡು ಬನ್ನಿ ಮೇಡಂ" ಎಂದರು. ನಾಳೆ ಹೋಗಬೇಕು.

ನಮ್ಮ ಮನೆಯಲ್ಲೂ ಒಂದು ಹಸಿರು ಕೊಡೆ ಇದೆ. ಊರಲ್ಲಿ ಎಷ್ಟು ಹಸಿರು ಕೊಡೆಗಳಿಲ್ಲ!

ಮಾರ್ಚ್ 6, ಗುರುವಾರ. ಮಧ್ಯಾಹ್ನ, ಆಫೀಸಿನಲ್ಲೇ

ನಗಬೇಕೋ ಗಾಬರಿಪಡಬೇಕೋ ಗೊತ್ತಾಗುತ್ತಿಲ್ಲ.

ನೀರಿನ ಟ್ಯಾಂಕಿನ ಹಿಂದಿನ ಬೀದಿ. ನಾಲ್ಕನೇ ಮನೆ. ಮೆಟ್ಟಿಲ ಮೇಲೆ ಕೂತಿದ್ದವರು — ಅತ್ತೆ! ಸುತ್ತ ಐದಾರು ಹೆಂಗಸರು, ಕೋಟು ಬಿಚ್ಚಿಕೊಟ್ಟು ಕಾಯುತ್ತಿದ್ದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಟಿನ್ನಿನ ತುಂಬ ಗುಂಡಿಗಳು. ದೊಡ್ಡವು, ಚಿಕ್ಕವು, ಎರಡು ತೂತಿನವು, ನಾಲ್ಕು ತೂತಿನವು. ಕಿತ್ತುಹೋದ ಗುಂಡಿಗೆ ಜೋಡಿ ಹುಡುಕಿ, ಅಲ್ಲೇ ಕೂತು ಹೊಲಿದುಕೊಡುತ್ತಿದ್ದಾರೆ. ದಾರವನ್ನು ಹಲ್ಲಲ್ಲಿ ಕಡಿದು ಪೋಸ್ಟ್‌ಮ್ಯಾನಿಗೆ ಹೇಳಿದರು — "ತಗೊಳ್ಳಿ. ಇನ್ನು ಕೋಟು ಹರಿದ್ರೂ ಗುಂಡಿ ಬಿಡಲ್ಲ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಹೊಟ್ಟೆ ಹಿಡಿದುಕೊಂಡು. ಆ ನಗುವನ್ನು ನಾನು ಕೇಳಿಯೇ ಇರಲಿಲ್ಲ.

ಆಗ ನನ್ನನ್ನು ನೋಡಿದರು. ನನ್ನ ಕತ್ತಿನಲ್ಲಿ ಆಫೀಸಿನ ಕಾರ್ಡು, ಕೈಯಲ್ಲಿ ಫೈಲು. ಒಂದೇ ಕ್ಷಣ. ಪರಿಚಯವೇ ಇಲ್ಲದವರಂತೆ ಮುಖ ಮಾಡಿ —

"ಬನ್ನಿ ಮೇಡಂ. ಗುಂಡಿ ಹೋಗಿದ್ಯಾ?"

"ಲೈಸೆನ್ಸ್... ಇದ್ಯಾ ಅಮ್ಮಾ?"

"ಇಲ್ಲ ಮೇಡಂ. ಬೇಕಾ?"

"ಬೇಕು."

"ಹಾಗಾದ್ರೆ ಬರೀರಿ ನೋಟಿಸು. ನಿಮ್ಮ ಕೆಲಸ ನೀವು ಮಾಡಿ."

ಬರೆದೆ. ಅತ್ತೆಯ ಹೆಸರು. ವಯಸ್ಸು ಎಪ್ಪತ್ತೊಂದು. ವಿಳಾಸವನ್ನೂ ಕೇಳಿದೆ. ನಮ್ಮ ಮನೆಯ ವಿಳಾಸವನ್ನೇ ನನಗೆ ಬಿಡಿಸಿ ಬಿಡಿಸಿ ಹೇಳಿದರು. "ಕೆಳಗಿನ ಮನೆ ಮೇಡಂ, ಮೇಲಿನದಲ್ಲ."

ಅದೇ ದಿನ, ಸಂಜೆ ಏಳು

ನನ್ನ ಗಂಡ ಬಿದ್ದು ಬಿದ್ದು ನಕ್ಕರು. ಆಮೇಲೆ ಅಮ್ಮನ ಎದುರು ಕೂತರು. "ನಮಗೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ರಿ. ಜನ ಏನಂತಾರೆ ಅಂತಿದ್ರಿ."

ನಿಜ. ಅಂದಿರುತ್ತಿದ್ದೆವು.

ನಿಯಮದ ಪುಸ್ತಕ ತಿರುವಿ ಹಾಕಿದೆ. ಒಂಬತ್ತನೇ ನಿಯಮದಲ್ಲಿ ಒಂದು ದಾರಿ ಇತ್ತು. ಮನೆಯವರೇ ಕರೆಸಿಕೊಂಡರೆ ಲೈಸೆನ್ಸ್ ಬೇಕಿಲ್ಲ. "ಅವರೇ ಕರೆದ್ರು ಅಂತ ಬರ್ಕೊಟ್ರೆ ಮುಗೀತು ಅತ್ತೆ. ಯಾವ ತಾಪತ್ರಯನೂ ಇಲ್ಲ."

"ನಂಗೆ ಲೈಸೆನ್ಸೇ ಬೇಕು."

"ಯಾಕತ್ತೆ?"

"ನಲವತ್ತು ವರ್ಷ ಹೊಲಿದಿದೀನಿ. ಬೋರ್ಡ್ ಮೇಲೆ ನಿನ್ನ ಮಾವನ ಹೆಸರು. ಬಿಲ್ ಮೇಲೂ ಅವರದೇ. ಪಾಪ, ಅವರದ್ದೇನೂ ತಪ್ಪಿಲ್ಲ, ಯಾರಿಗೂ ಹೊಳೀಲಿಲ್ಲ ಅಷ್ಟೆ. ನೀವು ಕೊಡೋ ಕಾರ್ಡಲ್ಲಿ ಫೋಟೋ ಇರತ್ತಲ್ಲ?"

"ಇರತ್ತೆ."

"ಹೆಸರು?"

"ಹೆಸರೂ ಇರತ್ತೆ ಅತ್ತೆ."

"ಹಾಗಾದ್ರೆ ಕ್ಯೂ ನಿಲ್ತೀನಿ."

ಮಾರ್ಚ್ 10, ಸೋಮವಾರ

ಅತ್ತೆಗೆ ಟೋಕನ್ ಹದಿನಾಲ್ಕು. ಅರ್ಜಿಯನ್ನು ಮನೆಯಲ್ಲೇ ಕೊಡಿ ಎಂದರೆ ಕೇಳಲಿಲ್ಲ. ಒಂದೂವರೆ ಗಂಟೆ ನಿಂತರು. ಹಿಂದೆ ಇದ್ದ ಬುಟ್ಟಿ ಮಾರುವವಳ ರವಿಕೆಗೆ ಕ್ಯೂನಲ್ಲೇ ಹುಕ್ಕು ಹಾಕಿಕೊಟ್ಟರು. ನಗರಸಭೆಯೊಳಗೇ ನಿಯಮ ಉಲ್ಲಂಘನೆ! ನಾನು ಫೈಲಿನಲ್ಲಿ ತಲೆ ಹುದುಗಿಸಿಕೊಂಡೆ.

ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. "ಈ ಫೈಲು ನೀವು ಮುಟ್ಟೋ ಹಾಗಿಲ್ಲ. ದೂರು ಬೇರೆ ಇದೆ. ವಿಚಾರಣೆ ನಾನೇ ಮಾಡ್ತೀನಿ. ಅರ್ಜಿ ಬಿದ್ದುಹೋದ್ರೆ ನನ್ನ ಬೈಕೋಬೇಡಿ."

ಮಾರ್ಚ್ 19, ಬುಧವಾರ

ಲೈಸೆನ್ಸ್ ಬರುವ ತನಕ ಹೊರಗೆ ಹೋಗುವುದಿಲ್ಲ ಎಂದು ಅತ್ತೆಯ ಹಟ. ಆ ಬೀದಿಯವರು ಮೂರು ಸಲ ಫೋನ್ ಮಾಡಿದರು. ಆದರೂ ಇಲ್ಲ. ಪಾಪ, ಮನೆಯ ಬಟ್ಟೆಗಳಿಗೆಲ್ಲ ಗುಂಡಿ ಬಿಗಿಮಾಡಿದ್ದಾರೆ. ನನ್ನ ಗಂಡನ ಷರ್ಟು ಬಿಚ್ಚಲು ಈಗ ಇಬ್ಬರು ಬೇಕು.

ಒಂದು ಲಾಭ. ಈಗ ಮಾತಾಡುತ್ತಾರೆ. ಯಾವ ಮನೆಯಲ್ಲಿ ಯಾರ ಗುಂಡಿ ಹೇಗೆ ಹೋಯಿತು ಎಂಬುದೆಲ್ಲ ಬಾಯಿಪಾಠ. ಕೇಳುತ್ತ ಕೇಳುತ್ತ ಒಲೆ ಮೇಲಿನ ಹಾಲು ಉಕ್ಕಿತು.

ಏಪ್ರಿಲ್ 9, ಬುಧವಾರ. ಸಂಜೆ

ವಿಚಾರಣೆ ಮುಗಿಯಿತು! ನಾನು ಬಾಗಿಲ ಪಕ್ಕ ನಿಂತಿದ್ದೆ, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ.

ಅಂಗಡಿಯವರು ಶುರುಮಾಡಿದರು. "ಹಳೇ ಷರ್ಟಿಗೆ ಗುಂಡಿ ಹಾಕಿಸ್ಕೊಂಡ್ರೆ ಹೊಸ ಷರ್ಟು ಯಾರು ತಗೋತಾರೆ ಸಾರ್?"

ಅತ್ತೆ ಅವರ ಕಡೆ ತಿರುಗಿದರು. "ನಿಮ್ಮ ಅಂಗಡಿ ಷರ್ಟುಗಳೇ ಅಣ್ಣಾ ನನ್ಹತ್ರ ಜಾಸ್ತಿ ಬರೋದು. ತಗೊಂಡ ವಾರಕ್ಕೆ ಗುಂಡಿ ಉದುರತ್ತೆ. ನಾನು ಗಟ್ಟಿ ಮಾಡಿ ಕೊಡ್ತಿರೋದ್ರಿಂದ ಜನ ನಿಮ್ಮ ಅಂಗಡಿಗೆ ಬಂದು ಜಗಳ ಆಡಿಲ್ಲ."

ಸಾಹೇಬರಿಗೆ ಇದ್ದಕ್ಕಿದ್ದಂತೆ ಕೆಮ್ಮು. ಅಂಗಡಿಯವರು ಕೆಂಪಾದರು, ತಲೆ ಕೆರೆದುಕೊಂಡರು, ಕೊನೆಗೆ ಅವರೂ ನಕ್ಕುಬಿಟ್ಟರು. "ನಮ್ಮ ಅಂಗಡಿಗೇ ಬಂದು ಹಾಕ್ಕೊಡ್ತೀರಾ ಅಮ್ಮ?"

"ಮೊದ್ಲು ಲೈಸೆನ್ಸ್ ಬರ್ಲಿ. ಆಮೇಲೆ ಯೋಚ್ನೆ ಮಾಡ್ತೀನಿ."

ದೂರು ವಾಪಸ್. ಸಾಹೇಬರು ಅರ್ಜಿ ಓದುತ್ತ ಹೋದವರು ಒಂದು ಕಡೆ ನಿಂತರು. ಅವಧಿಯ ಕಾಲಂ. ಒಂದು ತಿಂಗಳು, ಒಂದು ವರ್ಷ, ಐದು ವರ್ಷ. ಅತ್ತೆ ಐದಕ್ಕೆ ಗುರುತು ಹಾಕಿದ್ದಾರೆ.

"ಅಮ್ಮಾ... ನಿಮಗೀಗ ಎಪ್ಪತ್ತೊಂದು. ಐದು ವರ್ಷಕ್ಕೆ ಅಂತ..."

"ಹೌದು ಸಾರ್. ಈ ವಯಸ್ಸಲ್ಲಿ ಪದೇ ಪದೇ ಬಂದು ಕ್ಯೂ ನಿಲ್ಲಕ್ಕಾಗತ್ತಾ?"

ಸಾಹೇಬರು ಸಹಿ ಹಾಕಿದರು. ಆಮೇಲೆ ನನ್ನ ಕಡೆ ನೋಡಿ, "ಇನ್ನು ಮುಟ್ಟಬಹುದು. ಸೀಲು ಒತ್ತಿ ಮೇಡಂ." ಎಷ್ಟು ಜೋರಾಗಿ ಒತ್ತಿದೆನೆಂದರೆ ಕೆಳಗಿನ ಹಾಳೆಗೂ ಅಚ್ಚು ಬಿತ್ತು.

ಏಪ್ರಿಲ್ 10, ಗುರುವಾರ

ಕಾರ್ಡು ಬಂತು. "ಮೂಗು ದಪ್ಪ ಬಂದಿದೆ" ಎಂದರು ಅತ್ತೆ. ಹೆಸರಿನ ಮೇಲೆ ಬೆರಳಾಡಿಸಿದರು. ಒಂದೊಂದೇ ಅಕ್ಷರ, ನಿಧಾನಕ್ಕೆ. ನನ್ನ ಗಂಡ ಕಣ್ಣಿಗೆ ಏನೋ ಬಿತ್ತೆಂದು ಹೊರಗೆ ಹೋದರು. ಕಾರ್ಡು ಕತ್ತಿಗೆ ಹಾಕಿಕೊಂಡೇ ಊಟಕ್ಕೆ ಕೂತರು ಅತ್ತೆ. ಸಾರು ಚೆಲ್ಲೀತೆಂದು ಬೆನ್ನಿನ ಕಡೆ ತಿರುಗಿಸಿಕೊಂಡು.

ಏಪ್ರಿಲ್ 13, ಭಾನುವಾರ. ಬೆಳಗ್ಗೆ 9.50

ಅತ್ತೆ ಹೊರಟಿದ್ದಾರೆ. ನನ್ನನ್ನೂ ಕರೆಯುತ್ತಿದ್ದಾರೆ. "ಸೂಜಿಗೆ ದಾರ ಪೋಣಿಸೋಕೆ ನಂಗೆ ಕಣ್ಣು ಸಾಲಲ್ಲ. ಬಾ, ರಜಾ ತಾನೆ?"

"ಸಹಾಯಕರಿಗೂ ಬೇರೆ ಲೈಸೆನ್ಸ್ ಬೇಕತ್ತೆ. ನಿಯಮ ಹನ್ನೊಂದು."

"ನೀನೇನು ಸಹಾಯಕಿನಾ? ಸೊಸೆ ಕಣೇ. ಸೊಸೆಗೆ ಲೈಸೆನ್ಸ್ ಬೇಕು ಅಂತ ಎಲ್ಲಿದೆ, ತೋರ್ಸು."

ಪುಸ್ತಕ ತೆಗೆದು ಹುಡುಕಿದೆ. ಎಲ್ಲೂ ಇಲ್ಲ.

ಚಪ್ಪಲಿ ಹಾಕಿಕೊಂಡು ಆಗಲೇ ಗೇಟಿನ ಹತ್ತಿರ... ಅಲ್ಲ, ವಾಪಸ್ ಬಂದರು. ನಮ್ಮ ಮನೆಯ ಬೆಲ್ಲನ್ನೇ ಒತ್ತುತ್ತಿದ್ದಾರೆ, ಬಿಡದೆ. "ಗುಂಡೀ..." ಎಂದು ಕೂಗು ಬೇರೆ. ಪಕ್ಕದ ಮನೆಯವರೂ ಈಚೆ ಬಂದರು. ತಲೆ ಬಾಚಿಲ್ಲ, ಪೆನ್ನಿನ ಮುಚ್ಚಳ ಸಿಗುತ್ತಿಲ್ಲ — ಬಂದೆ ಅತ್ತೆ, ಬಂ