ಸ್ಟಾನ್ ಮಜುರ್ ಅವರ ಕುರ್ಚಿ

ವಾರೆನ್, ೧೪ ನವೆಂಬರ್ ೨೦೦೯, ಶನಿವಾರ

ಆ ಕುರ್ಚಿಯಲ್ಲಿ ನಾನು ಕೂರಬಾರದಿತ್ತು. ಮಧ್ಯಾಹ್ನದಿಂದ ಅದೇ ಕೊರೆಯುತ್ತಿದೆ.

ಗಂಟೆಗಟ್ಟಲೆ ಎಳೆಯುತ್ತದೆ ಎಂದು ಜನ ಬಿಟ್ಟೇಬಿಟ್ಟಿದ್ದ ಆಟ ಸ್ಟ್ರೇಟ್ ಪೂಲ್, ಕೋಲಿನಿಂದ ಚೆಂಡುಗಳನ್ನು ಟೇಬಲ್ಲಿನ ಗುಳಿಗೆ ಹಾಕುವ ಬಿಲಿಯರ್ಡ್ಸ್‌ನ ಒಂದು ಬಗೆ. ಈ ವರ್ಷ ಅದಕ್ಕೆ ಮತ್ತೆ ಜೀವ ಬಂದಿದೆ. ಲೇಆಫ್ ಆದ ನಮ್ಮಂಥವರಿಗೆ ಹೊತ್ತಿಗೇನು ಬರ? ಇವತ್ತು ಪೂಲ್ ಹಾಲ್‌ನಲ್ಲಿ, ತೀರಿಕೊಂಡ ಹಳೆಯ ಆಟಗಾರ ಸ್ಟಾನ್ ಮಜುರ್ ನೆನಪಿನ ಪಂದ್ಯಕ್ಕೆ ನಲವತ್ತು ಜನ ಬಂದಿದ್ದರು. ಒಮ್ಮೆ ಅವರು ಒಂದೂ ತಪ್ಪದೆ ಇನ್ನೂರ ಹನ್ನೊಂದು ಚೆಂಡು ಹಾಕಿದ್ದರಂತೆ. ಎದುರಾಳಿ ಕೂತಲ್ಲೇ ನಿದ್ದೆ ಹೋಗಿದ್ದನಂತೆ. ಈ ಆಟದಲ್ಲಿ ತಪ್ಪಿದವನು ಇನ್ನೊಬ್ಬ ತಪ್ಪುವವರೆಗೂ ಕೂತೇ ಇರಬೇಕು.

ತಡವಾಗಿ ಹೋದ ನಾನು ಗೋಡೆ ಬದಿಯ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟೆ. ಆಟ ನೋಡುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಅದು ಸ್ಟಾನ್ ಕುರ್ಚಿ, ಅವರ ನೆನಪಿಗೆಂದೇ ಖಾಲಿ ಬಿಟ್ಟಿದ್ದರು. ಗಾಬರಿಯಿಂದ ಏಳಲು ಹೋದೆ. ಅವರ ಹೆಂಡತಿ ಡೊರೊತಿ ಬಂದು ನನ್ನ ಭುಜ ಹಿಡಿದು ಕೂರಿಸಿದರು.

"ಕೂತ್ಕೊಳಪ್ಪ. ಗುರಿ ತಪ್ಪಿದಾಗ ಮಾತ್ರ ಸ್ಟಾನ್ ಇಲ್ಲಿ ಬಂದು ಕೂರ್ತಿದ್ದ. ಆದ್ರೆ ಕೂತು ಯಾವತ್ತೂ ನೆಲ ನೋಡ್ಲಿಲ್ಲ. ಟೇಬಲ್ಲೇ ನೋಡ್ತಿದ್ದ."

ರಾತ್ರಿ ಊಟ ಮಾಡುತ್ತ ನನ್ನ ಹೆಂಡತಿ ವರ್ಷಾಗೆ ಇದನ್ನೆಲ್ಲ ಹೇಳಿದೆ. ಅವಳು ಅರ್ಧಕ್ಕೇ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಅಲ್ರೀ, ನನ್ನ ಮುಖಾ ನೋಡಿ ಹೇಳ್ರಿ," ಎಂದಳು.

ನಾನು ಅಡುಗೆಮನೆಯ ನೆಲ ನೋಡುತ್ತಿದ್ದೆ. ಮಾರ್ಚಿನಲ್ಲಿ ಕೆಲಸ ಹೋದಾಗಿನಿಂದ ಹೀಗೇ ಇದ್ದೆನೇನೋ. ತಲೆ ಎತ್ತಿದೆ. ಅವಳ ಬೈತಲೆಯ ಹತ್ತಿರ ಕೂದಲು ಬೆಳ್ಳಗಾಗಿದೆ. ಯಾವಾಗಿನಿಂದಲೋ.